ಕೂಡಗಿಯ ಕಲ್ಲಿದ್ದಲು ಸ್ಥಾವರ ಹವಾಮಾನದ ಲೆಕ್ಕಕ್ಕೆ ಬಂದಿದ್ದು ಹೇಗೆ

ಗದಗದಿಂದ ಸೊಲ್ಲಾಪುರದ ಕಡೆ ರೈಲಲ್ಲಿ ಹೋಗಿರೋರು ನೋಡಿರ್ತೀರ, ಆಲಮಟ್ಟಿ ದಾಟಿ ಸ್ವಲ್ಪ ಹೊತ್ತಿಗೆ ಕೂಡಗಿ ಅಂತ ಸ್ಟೇಷನ್ ಬರುತ್ತೆ. ಅಲ್ಲಿ ಎನ್‌ಟಿಪಿಸಿಯ ದೊಡ್ಡ ಥರ್ಮಲ್ ಪ್ಲಾಂಟ್ ಇದೆ. 800 ಮೆಗಾವಾಟಿನ ಮೂರು ಘಟಕ, ಒಟ್ಟು 2,400. ನೀರು ಆಲಮಟ್ಟಿ ಹಿನ್ನೀರಿಂದ, ಕಲ್ಲಿದ್ದಲು ಎಲ್ಲಿಂದಲೋ ರೈಲಲ್ಲಿ. ಆ ಪ್ಲಾಂಟ್ ಕಟ್ತಾ ಇದ್ದಾಗ, 2014ರ ಜುಲೈನಲ್ಲಿ, ಸುತ್ತಮುತ್ತಲ ಹಳ್ಳಿಯವರು ಬೇಡ ಅಂತ ಪ್ರತಿಭಟನೆ ಮಾಡಿದ್ರು, ಪೊಲೀಸರು ಗುಂಡು ಹಾರಿಸಿದ್ರು, ಜನಕ್ಕೆ ಗಾಯ ಆಯ್ತು, ಇದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆದ್ರೆ ಮರು ವರ್ಷ ಮಾರ್ಚಲ್ಲಿ ಬಂದ ಇನ್ನೊಂದು ಸುದ್ದಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ. ಅಸೋಸಿಯೇಟೆಡ್ ಪ್ರೆಸ್‌ನವರು ಬರೆದ್ರು: ಕೂಡಗಿಗೆ ಮತ್ತೆ ಬಾಂಗ್ಲಾದೇಶದ ಮಾತಾರ್‌ಬಾರಿ ಅನ್ನೋ ಕಡೆಯ ಇನ್ನೊಂದು ಕಲ್ಲಿದ್ದಲು ಸ್ಥಾವರಕ್ಕೆ ಜಪಾನ್ ಕೊಟ್ಟ ಸಾಲದಲ್ಲಿ ಕನಿಷ್ಠ 63 ಕೋಟಿ ಡಾಲರನ್ನ ಜಪಾನ್ ತನ್ನ "ಹವಾಮಾನ ನೆರವು" ಅಂತ ಲೆಕ್ಕಕ್ಕೆ ಬರ್ಕೊಂಡಿದೆ ಅಂತ.

ಮತ್ತೆ ಹೇಳ್ತೀನಿ. ಕಲ್ಲಿದ್ದಲು ಸುಡೋ ಸ್ಥಾವರ, ಹವಾಮಾನ ಬದಲಾವಣೆ ತಡೆಯೋಕೆ ಕೊಟ್ಟ ದುಡ್ಡು.

ನಗ್ತಿದ್ದೀರ, ನಗಿ. ಆದ್ರೆ ಜಪಾನಿನವರು ಕದ್ದು ಮುಚ್ಚಿ ಮಾಡಿದ್ದಲ್ಲ ಇದು. ಅವರ ವಾದ ಏನು ಅಂದ್ರೆ, ನೀವು ಹೇಗೂ ಕಲ್ಲಿದ್ದಲು ಪ್ಲಾಂಟ್ ಕಟ್ಟೇ ಕಟ್ತೀರ, ಹಳೇ ತಂತ್ರಜ್ಞಾನದಲ್ಲಿ ಕಟ್ಟೋ ಬದಲು ನಮ್ಮ ಸೂಪರ್‌ಕ್ರಿಟಿಕಲ್ ಮೆಷಿನ್ ಹಾಕಿದ್ರೆ ಅಷ್ಟೇ ಕರೆಂಟಿಗೆ ಹೊಗೆ ಕಮ್ಮಿ, ಆ ಕಮ್ಮಿ ಆಗಿದ್ದು ಹವಾಮಾನಕ್ಕೆ ಲಾಭ ತಾನೆ. ಟರ್ಬೈನ್ ತೊಷಿಬಾದವರದ್ದು, ಸಾಲ ಜಪಾನ್ ಸರ್ಕಾರದ ಬ್ಯಾಂಕಿಂದು. ಸರಿಯಾಗಿ ನೋಡಿದ್ರೆ ತಮ್ಮ ಕಂಪನಿ ಮಾಲು ಮಾರೋಕೆ ಕೊಟ್ಟ ಸಾಲ. ಹೀಗೆ ಬರ್ಕೋಬಾರದು ಅಂತ ಯಾವ ಒಪ್ಪಂದದಲ್ಲೂ ಇರಲಿಲ್ಲ, ಅದೇ ನಾನು ಇವತ್ತು ಮಾತಾಡಬೇಕು ಅಂದ್ಕೊಂಡಿರೋದು. ಅಂತಾರಾಷ್ಟ್ರೀಯ ಒಪ್ಪಂದ ಆದ್ಮೇಲೆ ಶ್ರೀಮಂತ ದೇಶಗಳ ಜೇಬು ನಿಜವಾಗ್ಲೂ ಬಿಚ್ಕೊಳ್ಳುತ್ತಾ, ಇಲ್ಲ ಅವರ ಲೆಕ್ಕದ ಪುಸ್ತಕದಲ್ಲಿ ಶೀರ್ಷಿಕೆ ಮಾತ್ರ ಬದಲಾಗುತ್ತಾ? ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ, ಎರಡೂ ಆಗುತ್ತೆ, ಆದ್ರೆ ಎರಡನೇದು ಮೊದಲು ಆಗುತ್ತೆ ಮತ್ತೆ ಜಾಸ್ತಿ ಆಗುತ್ತೆ.

ಶುರು ಎಲ್ಲಿಂದ ಅಂದ್ರೆ 1992, ರಿಯೋ ಡಿ ಜನೈರೋ. ಅಲ್ಲಿ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದಕ್ಕೆ ಸಹಿ ಬಿತ್ತು. ಅದರ ನಾಲ್ಕನೇ ವಿಧಿಯಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ "ಹೊಸ ಮತ್ತು ಹೆಚ್ಚುವರಿ" ಹಣಕಾಸು ಕೊಡಬೇಕು ಅಂತ ಬರೆದಿದ್ದಾರೆ. ಹೊಸದು ಅಂದ್ರೆ ಯಾವಾಗಿಂದ ಹೊಸದು? ಹೆಚ್ಚುವರಿ ಅಂದ್ರೆ ಯಾವುದರ ಮೇಲೆ ಹೆಚ್ಚುವರಿ? ಅದು ಬರೆದಿಲ್ಲ. ಮೂವತ್ತು ವರ್ಷ ದಾಟಿದ್ರೂ ಇವತ್ತಿಗೂ ಎಲ್ಲರೂ ಒಪ್ಪಿದ ಅರ್ಥ ಇಲ್ಲ.

ನಮ್ಮ ಮದುವೆ ಮನೇಲಿ ಮುಯ್ಯಿ ಪುಸ್ತಕ ಇಟ್ಕೊಂಡು ಒಬ್ರು ಕೂತಿರ್ತಾರಲ್ಲ, ಸಾಮಾನ್ಯವಾಗಿ ಮನೇಲಿ ಅಕ್ಷರ ಚೆನ್ನಾಗಿರೋ ಹುಡುಗ, ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ. ಹೆಸರು, ಊರು, ಎಷ್ಟು. ಅಲ್ಲಿಗೆ ಸೋದರಮಾವ ಬಂದು, "ಹೋದ ವರ್ಷ ನಿಮ್ಮಪ್ಪಂಗೆ ಬೋರ್‌ವೆಲ್ ಹೊಡೆಸೋಕೆ ಐದು ಸಾವಿರ ಸಾಲ ಕೊಟ್ಟಿದ್ನಲ್ಲ, ಅದನ್ನೇ ಮುಯ್ಯಿ ಅಂತ ಬರ್ಕೋ ಮರಿ" ಅಂದ್ರೆ? ಸಾಲಾನೂ ವಾಪಸ್ ಕೊಡಬೇಕು, ಮುಯ್ಯೀನೂ ತೀರಿಸಬೇಕು. ಹುಡುಗ ಬಾಯಿ ಬಿಡೋ ಹಾಗಿಲ್ಲ, ಮಾವ ಅಲ್ವಾ. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ.

ಇಲ್ಲಿ ಸ್ವಲ್ಪ ದಾರಿ ತಪ್ತೀನಿ. ಒಪ್ಪಂದದಿಂದ ದುಡ್ಡು ಸರಿಯಾಗಿ ಬಂದ ಉದಾಹರಣೆ ಇಲ್ವಾ ಅಂತ ಕೇಳಿದ್ರೆ ಇದೆ, ಅದೂ ರಿಯೋಗಿಂತ ಮುಂಚೆ. ಓಝೋನ್ ಪದರ ಉಳಿಸೋಕೆ ಮಾಂಟ್ರಿಯಲ್ ಪ್ರೋಟೋಕಾಲ್ ಅಂತ 1987ರಲ್ಲಿ ಆಯ್ತು. ಭಾರತ, ಚೀನಾ ಸಹಿ ಹಾಕಲಿಲ್ಲ. ನಮ್ಮ ಜನ ಈಗ ಫ್ರಿಜ್ ಕೊಂಡ್ಕೊಳ್ಳೋಕೆ ಶುರು ಮಾಡಿದ್ದಾರೆ, ಓಝೋನ್ ತೂತು ಮಾಡಿದ್ದು ನೀವು, ಗ್ಯಾಸ್ ಬದಲಾಯಿಸೋ ಖರ್ಚು ನಾವು ಯಾಕೆ ಹಾಕ್ಕೋಬೇಕು ಅಂತ. 1990ರಲ್ಲಿ ಲಂಡನ್ ಸಭೆಗೆ ಪರಿಸರ ಮಂತ್ರಿಯಾಗಿ ಹೋಗಿದ್ದ ಮೇನಕಾ ಗಾಂಧಿ ಇದಕ್ಕೆ ಗಟ್ಟಿಯಾಗಿ ಪಟ್ಟು ಹಿಡಿದ್ರು. ಆಗ ಒಂದು ನಿಧಿ ಹುಟ್ಟಿತು, ಮೊದಲ ಮೂರು ವರ್ಷಕ್ಕೆ 16 ಕೋಟಿ ಡಾಲರ್, ಭಾರತ ಚೀನಾ ಸೇರಿದ್ರೆ ಇನ್ನೂ 8 ಕೋಟಿ. 1992ರಲ್ಲಿ ಭಾರತ ಸೇರ್ತು. ಈ ನಿಧೀಲಿ ವಿಶೇಷ ಏನು ಅಂದ್ರೆ ಯಾರು ಎಷ್ಟು ಹಾಕಬೇಕು ಅನ್ನೋದಕ್ಕೆ ವಿಶ್ವಸಂಸ್ಥೆಯ ವಂತಿಗೆ ಪಟ್ಟಿ ಇದೆ, ಯಾವ ಖರ್ಚಿಗೆ ಕೊಡಬೇಕು ಅನ್ನೋದೂ ಬರೆದಿದೆ: ಹಳೇ ಗ್ಯಾಸಿಂದ ಹೊಸದಕ್ಕೆ ಹೋಗೋಕೆ ಆಗೋ ಹೆಚ್ಚಿನ ಖರ್ಚು. ಊರ ಜಾತ್ರೆಗೆ ಮನೆ ಮನೆಗೆ ಪಟ್ಟಿ ಹಾಕ್ತಾರಲ್ಲ, ಹಾಗೆ. ಮುಯ್ಯಿ ಅಲ್ಲ, ಪಟ್ಟಿ. ಹವಾಮಾನದ ವಿಷಯದಲ್ಲಿ ಶ್ರೀಮಂತ ದೇಶಗಳು ಪಟ್ಟಿ ಪದ್ಧತಿಗೆ ಒಪ್ಪಲೇ ಇಲ್ಲ. ಓಝೋನ್ ಹಾಳು ಮಾಡೋ ಗ್ಯಾಸ್ ತಯಾರಿಸೋ ಕಂಪನಿಗಳು ಕೈ ಬೆರಳಲ್ಲಿ ಎಣಿಸೋಷ್ಟು, ಕಾರ್ಬನ್ ಅಂದ್ರೆ ಒಲೆಯಿಂದ ವಿಮಾನದ ತನಕ ಎಲ್ಲಾ ಅದರಲ್ಲೇ ಇದೆ, ಬಿಲ್ ಎಷ್ಟು ಬರುತ್ತೋ ಅಂತ ಅವರಿಗೆ ಭಯ.

ಸರಿ, ವಾಪಸ್ ಬರೋಣ. 1997ರಲ್ಲಿ ಕ್ಯೋಟೋ ಒಪ್ಪಂದ. ಅದರಲ್ಲಿ ಶ್ರೀಮಂತ ದೇಶಗಳಿಗೆ ಹೊಗೆ ಇಳಿಸೋ ಗುರಿ ಹಾಕಿದ್ರು, ನೆರವಿಗೆ ಮಾತ್ರ ಯಾವ ಮೊತ್ತಾನೂ ಹಾಕಲಿಲ್ಲ. ಅದರ ಬದಲು ಸಿಡಿಎಂ ಅಂತ ಒಂದು ವ್ಯವಸ್ಥೆ ಬಂತು, ನೀವು ಇಲ್ಲಿ ಹೊಗೆ ಕಮ್ಮಿ ಮಾಡಿ, ಆ ಕಮ್ಮಿ ಮಾಡಿದ್ದನ್ನ ಕ್ರೆಡಿಟ್ ಅಂತ ನಾವು ಕೊಂಡ್ಕೊಂಡು ನಮ್ಮ ಗುರಿಗೆ ಸೇರಿಸ್ಕೋತೀವಿ ಅಂತ. ನಮ್ಮ ಬಾಗೇಪಲ್ಲಿ ಕಡೆ ಕೂಲಿ ಸಂಘದ ಮನೆಗಳಿಗೆ 5,500 ಗೋಬರ್ ಗ್ಯಾಸ್ ಘಟಕ ಕಟ್ಟೋ ಯೋಜನೆ ಇದೇ ದಾರೀಲಿ ನೋಂದಣಿ ಆಗಿದ್ದು. ಆದ್ರೆ ಅದು ವ್ಯಾಪಾರ, ನೆರವಲ್ಲ. ಎರಡೂ ಕಲಸಿಬಿಡ್ತಾರೆ ಅಂತ ಅನುಮಾನ ಇದ್ದಿದ್ದಕ್ಕೇ 2001ರ ಮರ್ರಕೇಶ್ ನಿಯಮಗಳಲ್ಲಿ, ಅಭಿವೃದ್ಧಿ ನೆರವಿನ ದುಡ್ಡನ್ನ ಸಿಡಿಎಂ ಕಡೆ ತಿರುಗಿಸಬಾರದು ಅಂತ ಬರೆಸಬೇಕಾಯ್ತು.

ಆ ಕಾಲದಲ್ಲೇ, 1998ರಲ್ಲಿ, ಯಾರ ಕಣ್ಣಿಗೂ ಬೀಳದ ಒಂದು ಸಣ್ಣ ಕೆಲಸ ಪ್ಯಾರಿಸಲ್ಲಿ ಆಯ್ತು. ನೆರವು ಕೊಡೋ ದೇಶಗಳ ಕೂಟ ಒಂದಿದೆ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರೋ ಒಇಸಿಡಿ ಅನ್ನೋ ಸಂಘಟನೆ ಒಳಗಿನ ಸಮಿತಿ. ಅವರು ಪ್ರತಿ ಯೋಜನೆಗೂ ಒಂದು ಗುರುತು ಹಾಕೋಕೆ ಶುರು ಮಾಡಿದ್ರು, ರಿಯೋ ಮಾರ್ಕರ್ ಅಂತಾರೆ. ಈ ಯೋಜನೆ ಹೊಗೆ ತಗ್ಗಿಸೋಕೆ ಸಂಬಂಧ ಇಲ್ಲ ಅಂದ್ರೆ 0, ಅದೂ ಒಂದು ಉದ್ದೇಶ ಅಂದ್ರೆ 1, ಅದೇ ಮುಖ್ಯ ಉದ್ದೇಶ ಅಂದ್ರೆ 2. ಅಷ್ಟೇ. ಹಾಕೋರು ಯಾರು? ಕೊಡೋ ದೇಶದವರೇ. ಮುಯ್ಯಿ ಪುಸ್ತಕ ಮಾವನ ಕೈಗೇ ಕೊಟ್ಟ ಹಾಗೆ.

ಆಮೇಲೆ 2009ರ ಡಿಸೆಂಬರ್, ಕೋಪನ್‌ಹೇಗನ್. ಹವಾಮಾನ ಸಭೆ ಮುರಿದು ಬೀಳೋ ಸ್ಥಿತೀಲಿದ್ದಾಗ 17ನೇ ತಾರೀಕು ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಹಿಲರಿ ಕ್ಲಿಂಟನ್ ಬಂದು ಹೇಳಿದ್ರು, 2020ರ ಹೊತ್ತಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್, ಅಂದ್ರೆ ನಮ್ಮ ಲೆಕ್ಕದಲ್ಲಿ 10,000 ಕೋಟಿ ಡಾಲರ್, ಒಟ್ಟುಗೂಡಿಸೋ ಪ್ರಯತ್ನಕ್ಕೆ ಅಮೆರಿಕ ಕೈ ಜೋಡಿಸುತ್ತೆ ಅಂತ. ಈ ಮೊತ್ತ ಅದೇ ವರ್ಷ ಜೂನಲ್ಲಿ ಬ್ರಿಟನ್ನಿನ ಗಾರ್ಡನ್ ಬ್ರೌನ್ ಮೊದಲು ಆಡಿದ್ದು. ಯಾವ ದೇಶಕ್ಕೆ ಎಷ್ಟು ಬೇಕು ಅಂತ ಕೂತು ಕೂಡಿ ಬಂದ ಮೊತ್ತ ಅಲ್ಲ, ರಾಜಕೀಯವಾಗಿ ಗುಂಡಾಗಿ ಕಾಣೋ ಮೊತ್ತ. ಜೊತೆಗೆ 2010ರಿಂದ 2012ರ ತನಕ ತುರ್ತಾಗಿ 30 ಬಿಲಿಯನ್. ಕ್ರಿಯಾಪದ ಗಮನಿಸಿ, ಕೊಡ್ತೀವಿ ಅಂತ ಇಲ್ಲ, "ಒಟ್ಟುಗೂಡಿಸ್ತೀವಿ" ಅಂತ ಇದೆ. ಎಲ್ಲಿಂದ? ಸರ್ಕಾರಿ, ಖಾಸಗಿ, ದ್ವಿಪಕ್ಷೀಯ, ಬಹುಪಕ್ಷೀಯ, ಪರ್ಯಾಯ ಮೂಲಗಳಿಂದ. ಅಂದ್ರೆ ಬಿಟ್ಟಿದ್ದು ಏನೂ ಇಲ್ಲ.

ನನ್ನ ದೃಷ್ಟೀಲಿ ನೆರವಿನ ಇತಿಹಾಸದಲ್ಲಿ ಕ್ಯೋಟೋಗಿಂತ ದೊಡ್ಡ ತಿರುವು ಇದು. ಕ್ಯೋಟೋ ಕಾನೂನು, ಆದ್ರೆ ದುಡ್ಡಿನ ಅಂಕಿ ಇರಲಿಲ್ಲ. ಕೋಪನ್‌ಹೇಗನ್‌ಗೆ ಕಾನೂನಿನ ಬಲ ಇರಲಿಲ್ಲ, ಅಂಕಿ ಇತ್ತು. ಸರ್ಕಾರಿ ಕಚೇರಿಗಳು ಕಾನೂನಿಗಿಂತ ಅಂಕಿಗೆ ಬೇಗ ಓಡ್ತವೆ, ಇದು ಮಾರ್ಚ್ ತಿಂಗಳಲ್ಲಿ ಯಾವುದಾದ್ರೂ ಇಲಾಖೆಗೆ ಹೋಗಿರೋರಿಗೆ ನಾನು ಹೇಳಬೇಕಾಗಿಲ್ಲ.

ಹೇಗೆ ಓಡ್ತವೆ ಅಂತ ಹತ್ತಿರದಿಂದ ನೋಡಿದ್ದೀನಿ. ಕೋಪನ್‌ಹೇಗನ್ ಆಗಿ ಒಂದು ವರ್ಷ ಆಗಿತ್ತು, ನಾನು ಆಗ ದೆಹಲೀಲಿ ಒಂದು ವಿದೇಶಿ ನೆರವು ಸಂಸ್ಥೆಯ ಯೋಜನೇಲಿ ಗುತ್ತಿಗೆ ಮೇಲೆ ಕೆಲಸ ಮಾಡ್ತಿದ್ದೆ, ಹೆಸರು ಬೇಡ. ಕೆಲಸ ಏನು ಅಂದ್ರೆ ವರದಿಗೆ ಎಕ್ಸೆಲ್ ಶೀಟ್ ತುಂಬೋದು. ಒಂದು ಸಾಲಿಗೆ ಒಂದು ಯೋಜನೆ, ಬಲಗಡೆ ಕೊನೇಲಿ ಈ ಮಾರ್ಕರ್ ಕಾಲಂಗಳು. ಒಂದು ಹಳ್ಳಿ ನೀರಾವರಿ ಯೋಜನೆ ಇತ್ತು, ಹಳೇದು, ಕೋಪನ್‌ಹೇಗನ್‌ಗಿಂತ ಮುಂಚೆ ಶುರುವಾಗಿದ್ದು. ಅದರಲ್ಲಿ ಕಾಲುವೆ ದುರಸ್ತಿ, ನೀರು ಬಳಕೆದಾರರ ಸಂಘ, ತರಬೇತಿ, ಮತ್ತೆ ಒಂದು ಮೂಲೇಲಿ ಹಳೇ ಪಂಪ್‌ಸೆಟ್ ತೆಗೆದು ಕರೆಂಟ್ ಕಮ್ಮಿ ತಿನ್ನೋ ಪಂಪ್‌ಸೆಟ್ ಹಾಕೋದು. ನಾನು 0 ಹಾಕಿ ಕಳಿಸಿದ್ದೆ. ಎರಡು ದಿನಕ್ಕೆ ಮೇಲಿನ ಕಚೇರಿಯಿಂದ ಮೇಲ್ ಬಂತು, ಬಹಳ ಮರ್ಯಾದೆಯಾಗಿ, "ಪಂಪ್‌ಸೆಟ್ ಭಾಗ ನೋಡಿದ್ರೆ ಇದನ್ನ 1 ಮಾಡಬಹುದಾ, ಪರಿಶೀಲಿಸಿ" ಅಂತ. ಪರಿಶೀಲಿಸಿದೆ. 1 ಮಾಡಿದೆ. ಒಂದು ಕೀ ಒತ್ತಿದ್ದು ಅಷ್ಟೇ, ಇಡೀ ನೀರಾವರಿ ಯೋಜನೆ ಹವಾಮಾನ ನೆರವಿನ ಪಟ್ಟಿಗೆ ಹೋಯ್ತು. ಹಳ್ಳೀಲಿ ಒಂದು ಪಂಪೂ ಹೆಚ್ಚಾಗಲಿಲ್ಲ. ಯಾರೂ ಸುಳ್ಳೂ ಹೇಳಲಿಲ್ಲ ನೋಡಿ. ಅತ್ತೆ ಸೊತ್ತನ್ನ ಅಳಿಯ ದಾನ ಮಾಡಿದ ಅಂತೀವಲ್ಲ, ಇಲ್ಲಿ ದಾನ ಮಾಡಿದ್ದೂ ಆಗಲೇ ಆಗಿಹೋಗಿತ್ತು, ಅದನ್ನೇ ಇನ್ನೊಂದು ಸಲ ದಾನ ಅಂತ ಬರೆದ್ವಿ.

ಇನ್ನೊಂದು ತಮಾಷೆ ಇದೆ. 1 ಅಂತ ಗುರುತು ಹಾಕಿದ ಯೋಜನೆಯ ದುಡ್ಡಲ್ಲಿ ಎಷ್ಟು ಭಾಗ ಹವಾಮಾನದ್ದು? ಯುರೋಪಿಯನ್ ಕಮಿಷನ್ ಶೇಕಡ 40 ಅನ್ನುತ್ತೆ. ಜರ್ಮನಿ 50 ಅನ್ನುತ್ತೆ. ಕೆಲವರು ಪೂರ್ತಿ 100 ಬರ್ಕೋತಾರೆ. ಒಂದೇ ಥರದ ಯೋಜನೆ, ಬರೆಯೋ ಕೈ ಬೇರೆ ಆದ್ರೆ ಮೊತ್ತ ಬೇರೆ. ಸಾಲದ ಲೆಕ್ಕ ಇನ್ನೂ ಚೆಂದ. 2018ರಿಂದ ಅಭಿವೃದ್ಧಿ ನೆರವಿನ ಪುಸ್ತಕದಲ್ಲಿ ಸಾಲ ಕೊಟ್ರೆ ಪೂರ್ತಿ ಮೊತ್ತ ಬರೆಯೋ ಹಾಗಿಲ್ಲ, ಬಡ್ಡಿ ಕಮ್ಮಿ ಮಾಡಿದ್ದರಿಂದ, ಅವಧಿ ಉದ್ದ ಕೊಟ್ಟಿದ್ದರಿಂದ ಎಷ್ಟು ನಿಜವಾಗಿ ಬಿಟ್ಕೊಟ್ಟ ಹಾಗಾಯ್ತೋ ಅಷ್ಟೇ ಬರೀಬೇಕು. ಹವಾಮಾನದ ಪುಸ್ತಕದಲ್ಲಿ ಮಾತ್ರ ಪೂರ್ತಿ ಮೊತ್ತ. ಅದೇ ಸಾಲ, ಅದೇ ಬ್ಯಾಂಕು, ಎರಡು ಪುಸ್ತಕ, ಎರಡು ಮೊತ್ತ.

ಹೀಗೆ ಇದ್ದಾಗ ಜಗಳ ಆಗಲೇಬೇಕು, ಆಯ್ತು ಕೂಡ. 2015ರಲ್ಲಿ ಪ್ಯಾರಿಸ್ ಸಭೆಗೆ ಸ್ವಲ್ಪ ಮುಂಚೆ ಒಇಸಿಡಿ ವರದಿ ಬಂತು, 2014ರಲ್ಲಿ 61.8 ಬಿಲಿಯನ್ ಡಾಲರ್ ಹರಿದಿದೆ, ಗುರಿಯ ಅರ್ಧಕ್ಕಿಂತ ಮೇಲೆ ಬಂದಿದ್ದೀವಿ ಅಂತ. ನಮ್ಮ ಹಣಕಾಸು ಸಚಿವಾಲಯ ಕೂತು ಅದನ್ನ ಬಿಚ್ಚಿ ನೋಡಿ ಒಂದು ಟಿಪ್ಪಣಿ ಹೊರಡಿಸ್ತು: ಹವಾಮಾನಕ್ಕೆ ಅಂತಲೇ ಮಾಡಿದ ನಿಧಿಗಳಿಂದ ನಿಜವಾಗಿ ಕೈಗೆ ಬಂದಿದ್ದು ಅಂತ ಗಟ್ಟಿಯಾಗಿ ಹೇಳಬಹುದಾದ ಮೊತ್ತ 2.2 ಬಿಲಿಯನ್. 61.8 ಎಲ್ಲಿ, 2.2 ಎಲ್ಲಿ. ನಮ್ಮವರೂ ಸ್ವಲ್ಪ ಬಿಗಿ ಹಿಡಿದು ಎಣಿಸಿದ್ದಾರೆ, ಅದು ನಾನು ಒಪ್ತೀನಿ, ವಿಶೇಷ ನಿಧಿ ಬಿಟ್ಟು ಬೇರೆ ದಾರೀಲಿ ಬಂದ ದುಡ್ಡೆಲ್ಲ ಸುಳ್ಳು ಅನ್ನೋಕಾಗಲ್ಲ. ಆದ್ರೆ ಎರಡು ಪಕ್ಷದವರೂ ಅದೇ ದಾಖಲೆ ನೋಡಿ ಇಷ್ಟು ಅಂತರ ಬರುತ್ತೆ ಅಂದ್ರೆ ಆ ಅಳತೆಗೋಲು ಎಂಥದ್ದು ಇರಬೇಕು.

2023ರಲ್ಲಿ ರಾಯಿಟರ್ಸ್‌ನವರು ಈ ಪಟ್ಟಿಗಳನ್ನ ಜಾಲಾಡಿದ್ರು. ಇಟಲಿ ಏಷ್ಯಾದಲ್ಲಿ ಚಾಕೊಲೇಟ್, ಐಸ್‌ಕ್ರೀಮ್ ಅಂಗಡಿ ತೆರೆಯೋಕೆ ಕೊಟ್ಟ ದುಡ್ಡು. ಅಮೆರಿಕ ಹೈಟಿಯಲ್ಲಿ ಹೋಟೆಲ್ ವಿಸ್ತರಿಸೋಕೆ ಕೊಟ್ಟ ಸಾಲ. ಬೆಲ್ಜಿಯಂ ಅರ್ಜೆಂಟೀನಾದ ಕಾಡಲ್ಲಿ ನಡೆಯೋ ಒಂದು ಪ್ರೇಮಕಥೆ ಸಿನಿಮಾಗೆ ಕೊಟ್ಟಿದ್ದು. ಜಪಾನ್ ಅದೇ ಮಾತಾರ್‌ಬಾರಿ ಕಲ್ಲಿದ್ದಲು, ಜೊತೆಗೆ ಈಜಿಪ್ಟಿನ ವಿಮಾನ ನಿಲ್ದಾಣ. ಎಲ್ಲಾ ಹವಾಮಾನ ಹಣಕಾಸು. ಮತ್ತೆ ಅದೇ ಮಾತು, ನಿಯಮ ಮುರಿದೋರು ಯಾರೂ ಇಲ್ಲ, ನಿಯಮಾನೇ ಇಲ್ಲ.

ಹಾಗಾದ್ರೆ ದುಡ್ಡೇ ಬರಲಿಲ್ವಾ ಅಂದ್ರೆ ಹಾಗೂ ಹೇಳೋಕಾಗಲ್ಲ. ಒಇಸಿಡಿ ಲೆಕ್ಕದಲ್ಲೇ 2016ರಲ್ಲಿ 58.6 ಬಿಲಿಯನ್ ಇದ್ದಿದ್ದು 2021ಕ್ಕೆ 89.6, 2022ಕ್ಕೆ 115.9. ಗುರಿ 2020ಕ್ಕೆ, ಮುಟ್ಟಿದ್ದು ಎರಡು ವರ್ಷ ತಡವಾಗಿ. ಇದರಲ್ಲಿ ಹಣೆಪಟ್ಟಿ ಬದಲಾಯಿಸಿದ್ದು ಒಂದಷ್ಟು ಇರಬಹುದು, ಆದ್ರೆ ಅಭಿವೃದ್ಧಿ ಬ್ಯಾಂಕುಗಳು ಸೌರ, ಪವನ, ರೈಲು, ಮೆಟ್ರೋ ಕಡೆ ತಿರುಗಿದ್ದು ಸುಳ್ಳಲ್ಲ. ಬೆಂಗಳೂರಲ್ಲಿ ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಮೆಟ್ರೋ ಹಾಕಿದ್ರಲ್ಲ, ಬಹುಪಾಲು ಸುರಂಗದಲ್ಲಿ, ಆ ಲೈನಿಗೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ 50 ಕೋಟಿ ಯೂರೋ ಸಾಲ ಒಪ್ಪಿಕೊಂಡಿದ್ದು 2017ರಲ್ಲಿ, ಪ್ಯಾರಿಸ್ ಒಪ್ಪಂದ ಆಗಿ ಎರಡು ವರ್ಷಕ್ಕೆ, ಅವರ ಬಾಯಲ್ಲಿ ಅದು ಹವಾಮಾನ ಕ್ರಮ. ನಮಗೆ ಅದು ಟ್ರಾಫಿಕ್ಕಿಗೆ ಪರಿಹಾರ. ಇಬ್ಬರೂ ಖುಷಿ. ಆದ್ರೆ ಸಾಲ, ತೀರಿಸಬೇಕು.

ಅಲ್ಲೇ ಇದೆ ನೋಡಿ ಇನ್ನೊಂದು ಪರಿಣಾಮ. ಹೊಗೆ ತಗ್ಗಿಸೋ ಕೆಲಸಕ್ಕೆ ದುಡ್ಡು ಯಾಕೆ ಸುಲಭವಾಗಿ ಬರುತ್ತೆ, ಬರ, ನೆರೆ ತಡ್ಕೊಳ್ಳೋ ಕೆಲಸಕ್ಕೆ ಯಾಕೆ ಬರಲ್ಲ? ಮೆಟ್ರೋಗೆ ಟಿಕೆಟ್ ಇದೆ, ಸೌರ ವಿದ್ಯುತ್ತಿಗೆ ಯೂನಿಟ್ ದರ ಇದೆ, ಸಾಲ ವಾಪಸ್ ಬರುತ್ತೆ. ಇಷ್ಟು ಟನ್ ಕಾರ್ಬನ್ ಕಮ್ಮಿ ಆಯ್ತು ಅಂತ ತಮ್ಮ ಪಾರ್ಲಿಮೆಂಟಿಗೆ ತೋರಿಸಬಹುದು. ಇಲ್ಲಿ ಕಮ್ಮಿ ಆದ ಕಾರ್ಬನ್ನಿಂದ ಅವರಿಗೂ ಲಾಭ. ಅವರ ಕಂಪನಿ ಮೆಷಿನ್ನೂ ಹೋಗುತ್ತೆ. ಅದೇ ಒಂದು ಕೆರೆ ಹೂಳು ತೆಗೆಸಿದ್ರೆ? ಆ ಊರಿಗೆ ಮಾತ್ರ ಲಾಭ, ಟನ್ ಲೆಕ್ಕ ಇಲ್ಲ, ಟಿಕೆಟ್ ಇಲ್ಲ. 2022ರ 115.9ರಲ್ಲಿ ಶೇಕಡ 60 ಹೊಗೆ ತಗ್ಗಿಸೋಕೆ, "ಹೊಂದಾಣಿಕೆ"ಗೆ, ಅಂದ್ರೆ ಬರ, ನೆರೆ ತಡ್ಕೊಳ್ಳೋಕೆ, 32.4 ಬಿಲಿಯನ್. ಸರ್ಕಾರಿ ದುಡ್ಡಲ್ಲಿ ಹೆಚ್ಚುಕಮ್ಮಿ ಶೇಕಡ 69 ಸಾಲ. ಒಪ್ಪಂದದಲ್ಲಿ ಒಂದೇ ಒಂದು ದೊಡ್ಡ ಮೊತ್ತ ಬರೆದು ಅದು ದಾನವೋ ಸಾಲವೋ, ಯಾವುದಕ್ಕೋ ಅಂತ ಬಿಟ್ರೆ ಕೊಡೋರು ಸುಲಭದ ದಾರಿ ಹಿಡಿತಾರೆ. ನಾವಾಗಿದ್ರೂ ಹಿಡೀತಿದ್ವಿ.

ನಾರ್ವೆ ಬಗ್ಗೆ ಹೇಳದೆ ಹೋದ್ರೆ ಅನ್ಯಾಯ ಆಗುತ್ತೆ. 2007ರಲ್ಲಿ ಬಾಲಿ ಸಭೇಲಿ ಕಾಡು ಉಳಿಸೋಕೆ ವರ್ಷಕ್ಕೆ 300 ಕೋಟಿ ಕ್ರೋನರ್ ತನಕ ಕೊಡ್ತೀವಿ ಅಂದ್ರು, ಮರು ವರ್ಷ ಬ್ರೆಜಿಲ್‌ನ ಅಮೆಜಾನ್ ನಿಧಿಗೆ 100 ಕೋಟಿ ಡಾಲರ್ ಒಪ್ಪಿಕೊಂಡ್ರು, ಕಾಡು ಕಡಿಯೋದು ಕಮ್ಮಿ ಆದ್ರೆ ದುಡ್ಡು. ಅದೂ ದಾನ, ಸಾಲ ಅಲ್ಲ. 2019ರಲ್ಲಿ ಅಲ್ಲಿನ ಅಧ್ಯಕ್ಷ ಬೊಲ್ಸೊನಾರೋ ಕಾಲದಲ್ಲಿ ನಿಲ್ಲಿಸಿದ್ರು, 2023ರಲ್ಲಿ ಸರ್ಕಾರ ಬದಲಾದ್ಮೇಲೆ ಮತ್ತೆ ಶುರು. ಅದೇ ನಾರ್ವೆ ಸಮುದ್ರದಿಂದ ತೈಲ ತೆಗೆದು ಮಾರೋದು ಮಾತ್ರ ನಿಲ್ಲಿಸಿಲ್ಲ, ಆ ವಿಷಯ ಇವತ್ತು ಬೇಡ.

ಪ್ಯಾರಿಸ್‌ನಲ್ಲಿ ಕೊನೇ ದಿನ ನಡೆದಿದ್ದು ಒಂದು ಹೇಳ್ತೀನಿ, ದುಡ್ಡಿನ ವಿಧಿಯದ್ದಲ್ಲ, ಆದ್ರೂ ಈ ಜನ ಪದಕ್ಕೆ ಎಷ್ಟು ಹೆದರ್ತಾರೆ ಅಂತ ಗೊತ್ತಾಗುತ್ತೆ. ಶ್ರೀಮಂತ ದೇಶಗಳು ಹೊಗೆ ಇಳಿಸೋ ಗುರಿ ಹಾಕ್ಕೊಂಡು ಮುಂದೆ ನಿಲ್ಲಬೇಕು ಅನ್ನೋ ವಾಕ್ಯದಲ್ಲಿ ಕರಡಿನಲ್ಲಿ "ಶಾಲ್" ಅಂತ ಇತ್ತು, ನಮ್ಮ ಸರ್ಕಾರಿ ಕನ್ನಡದಲ್ಲಿ "ಮಾಡತಕ್ಕದ್ದು". ಅಮೆರಿಕದವರು ಗಾಬರಿ ಬಿದ್ರು, "ತಕ್ಕದ್ದು" ಅಂದ್ರೆ ಸೆನೆಟ್ ಮುಂದೆ ತಗೊಂಡು ಹೋಗಬೇಕು, ಅಲ್ಲಿ ಸತ್ತೇ ಹೋಗುತ್ತೆ. ಕೊನೆಗೆ ಅದನ್ನ ಅಚ್ಚಿನ ತಪ್ಪು ಅಂತ ಓದಿ "ಶುಡ್" ಮಾಡಿದ್ರು, "ಮಾಡಿದರೆ ಸರಿ" ಅನ್ನೋ ಥರ. ದುಡ್ಡಿನ ಒಂಬತ್ತನೇ ವಿಧೀಲಿ "ಕೊಡತಕ್ಕದ್ದು" ಉಳ್ಕೊಂಡಿದೆ, ಎಷ್ಟು ಅಂತ ಇಲ್ಲ. 100 ಬಿಲಿಯನ್ ಮಾತು ಒಪ್ಪಂದದ ಒಳಗಿಲ್ಲ, ಜೊತೆಗಿನ ನಿರ್ಣಯದಲ್ಲಿದೆ.

ತಕ್ಕದ್ದು ಅಂತ ಬರೆದ್ರೂ ಕೊಡೋದು ಆ ದೇಶದ ಬಜೆಟ್ಟು. ಕೊರಿಯಾದ ಸೊಂಗ್‌ಡೋದಲ್ಲಿ ಗ್ರೀನ್ ಕ್ಲೈಮೇಟ್ ಫಂಡ್ ಅಂತ ಹವಾಮಾನಕ್ಕೆ ಅಂತಲೇ ಇರೋ ಒಂದು ನಿಧಿ ಇದೆ, ಒಬಾಮಾ 3 ಬಿಲಿಯನ್ ಅಂದ್ರು, 1 ಕೊಟ್ಟು ಹೋದ್ರು, ಟ್ರಂಪ್ ನಿಲ್ಲಿಸಿದ್ರು, ಬೈಡನ್ ಇನ್ನೊಂದು ಬಿಲಿಯನ್ ಕೊಟ್ರು, 2025ರಲ್ಲಿ ಟ್ರಂಪ್ ವಾಪಸ್ ಬಂದು ಬಾಕಿ ವಚನ ಎಲ್ಲ ರದ್ದು ಮಾಡಿದ್ರು. ಬ್ರಿಟನ್ ಇನ್ನೂ ನಾಜೂಕು. ಐದು ವರ್ಷಕ್ಕೆ 11.6 ಬಿಲಿಯನ್ ಪೌಂಡ್ ಅಂತ ಹೇಳಿ, ಒಟ್ಟು ನೆರವಿನ ಬಜೆಟ್ಟೇ ಕತ್ತರಿಸಿ, ಗುರಿ ಮುಟ್ಟಲ್ಲ ಅಂತ ಗೊತ್ತಾದಾಗ 2023ರಲ್ಲಿ ಎಣಿಸೋ ವಿಧಾನ ಬದಲಾಯಿಸಿದ್ರು. ಮಾನವೀಯ ನೆರವಿನ ಒಂದು ಭಾಗ, ವಿಶ್ವಬ್ಯಾಂಕಿಗೆ ಕೊಡೋದರ ಒಂದು ಭಾಗ ಎಲ್ಲಾ ಸೇರಿಸ್ಕೊಂಡ್ರು. ಅವರದ್ದೇ ನೆರವು ತನಿಖಾ ಆಯೋಗ ಲೆಕ್ಕ ಹಾಕಿ, ಇದರಿಂದ ಸುಮಾರು 1.7 ಬಿಲಿಯನ್ ಪೌಂಡ್ ಹಾಗೇ ಹುಟ್ಕೊಂಡಿದೆ ಅಂತ ಬರೀತು. ನನ್ನ ಪಂಪ್‌ಸೆಟ್ಟು ಏನೂ ಅಲ್ಲ ಬಿಡಿ.

ಇಷ್ಟೆಲ್ಲ ಬೈದ್ಮೇಲೆ ಒಂದು ಮಾತು ಒಪ್ಕೋಬೇಕು. ಆ 100 ಅನ್ನೋ ಅಂಕಿ ಇಲ್ಲದೆ ಇದ್ದಿದ್ರೆ ಕೂಡಗಿ ಸಾಲ ಸುದ್ದಿನೇ ಆಗ್ತಿರಲಿಲ್ಲ. ಜಪಾನ್ ಅದನ್ನ ಹವಾಮಾನದ ಪಟ್ಟೀಲಿ ಹಾಕಿದ್ದಕ್ಕೇ ಪತ್ರಕರ್ತರು ಕೈ ಹಾಕಿದ್ದು, ಜಗತ್ತು ನಕ್ಕಿದ್ದು. 2021ರಲ್ಲಿ ಜಿ-7 ದೇಶಗಳು ಇಂಥ ಕಲ್ಲಿದ್ದಲಿಗೆ ಹೊರದೇಶದಲ್ಲಿ ಸರ್ಕಾರಿ ದುಡ್ಡು ನಿಲ್ಲಿಸ್ತೀವಿ ಅಂದವು, 2022ರ ಜೂನಲ್ಲಿ ಜಪಾನ್ ಮಾತಾರ್‌ಬಾರಿ ಎರಡನೇ ಹಂತಕ್ಕೆ ಸಾಲ ಕೊಡಲ್ಲ ಅಂತು. ಒಪ್ಪಂದದ ಒತ್ತಡ ಹೀಗೂ ಕೆಲಸ ಮಾಡುತ್ತೆ, ನಿಧಾನಕ್ಕೆ, ನಾಚಿಕೆ ಮೂಲಕ. ಕೂಡಗಿಯವರಿಗೆ ಮಾತ್ರ ತಡ ಆಯ್ತು, ಅಷ್ಟೊತ್ತಿಗೆ ಮೂರೂ ಘಟಕ ಉರೀತಿದ್ದವು.

2024ರ ನವೆಂಬರಲ್ಲಿ ಅಜರ್ಬೈಜಾನಿನ ಬಾಕುವಿನಲ್ಲಿ ನಡೆದ ಹವಾಮಾನ ಸಭೇಲಿ ಹೊಸ ಮೊತ್ತ ಬಂತು, 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್. ನಮ್ಮ ನಿಯೋಗದ ಚಾಂದನಿ ರೈನಾ ಮಾತಾಡೋಕೆ ಮುಂಚೆಯೇ ಅಧ್ಯಕ್ಷರು ಸುತ್ತಿಗೆ ಬಡಿದು ಅಂಗೀಕಾರ ಆಯ್ತು ಅಂದ್ಬಿಟ್ರು, ಆಮೇಲೆ ಅವರು ಎದ್ದು ಇದು ಕಣ್ಕಟ್ಟು ಅಂತ ಹೇಳಿದ್ರು, ಸಭೇಲಿ ಚಪ್ಪಾಳೆ ಬಿತ್ತು, ದಾಖಲೆ ಹಾಗೇ ಉಳೀತು. ಅದರಲ್ಲೂ ಅದೇ ಪಟ್ಟಿ, ಸರ್ಕಾರಿ, ಖಾಸಗಿ, ದ್ವಿಪಕ್ಷೀಯ, ಬಹುಪಕ್ಷೀಯ, ಪರ್ಯಾಯ ಮೂಲ. ಹದಿನೈದು ವರ್ಷದ ಹಿಂದಿನ ವಾಕ್ಯ, ಮೊತ್ತ ಮಾತ್ರ ಮೂರು ಪಟ್ಟು.

ಈಗ ಮುಂದಿನ ಸಾಲಲ್ಲಿ ಒಬ್ರು ಕೇಳಿದ್ರು, ಇದನ್ನೆಲ್ಲ ನಾವು ನೋಡೋಕಾಗುತ್ತಾ ಅಂತ. ಆಗುತ್ತೆ, ಒಇಸಿಡಿ ವೆಬ್‌ಸೈಟಲ್ಲಿ ಯೋಜನೆವಾರು ಪಟ್ಟಿ ಇದೆ, ದುಡ್ಡು ಕೊಡಬೇಕಾಗಿಲ್ಲ, ಎಕ್ಸೆಲ್‌ನಲ್ಲೇ ತೆರೆಯುತ್ತೆ. ಪಡೆಯೋ ದೇಶದ ಕಾಲಂನಲ್ಲಿ ಇಂಡಿಯಾ ಹಾಕಿ, ವಿವರದಲ್ಲಿ ಕರ್ನಾಟಕ ಅಂತ ಹುಡುಕಿ, ಆಮೇಲೆ ಮಿಟಿಗೇಶನ್, ಅಂದ್ರೆ ಹೊಗೆ ತಗ್ಗಿಸೋದು, ಅನ್ನೋ ಕಾಲಂಗೆ ಹೋಗಿ. 0, 1, 2 ಇರುತ್ತೆ. 2 ಬಿಡಿ, ಅದು ಸೌರ ಗಿವುರ ಇರುತ್ತೆ. 1 ಇರೋದನ್ನ ಒಂದೊಂದಾಗಿ ಓದ್ಕೊಂಡು ಹೋಗಿ.